ಟಿಣ್ ಅಂದಿತು ಗುರಿ!



ಹೋದ ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ಜುಹೂ ಚೌಪಾಟಿಗೆ ಹೋಗಿದ್ದೆ. ಭೇಲ್‌ಪುರಿ ಗಾಡಿಗಳ ಪಕ್ಕದಲ್ಲಿ ಬಲೂನಿಗೆ ಗುಂಡು ಹೊಡೆಯುವ ಅಂಗಡಿ ಇರುತ್ತದಲ್ಲ, ನೀವೂ ನೋಡಿರುತ್ತೀರಿ. ಚೆನ್ನೈನವರಿಗೆ ಮರೀನಾ ಬೀಚಿನಲ್ಲಿ ಅದೇ ಅಂಗಡಿ, ಊರಿನ ಜಾತ್ರೆಯಲ್ಲೂ ಅದೇ. ಹುಡುಗನಿಗೆ ಹತ್ತು ವರ್ಷ. ಐದು ಗುಂಡಿಗೆ ಮೂರು ಬಲೂನು ಒಡೆದು ಕುಣಿದಾಡಿದ. ಅಷ್ಟರಲ್ಲಿ ಒಂದು ಕಾಗೆ ಬಂದು ಹಲಗೆಯ ಮೇಲೆ ಕೂತಿತು. ಹುಡುಗ ಏರ್‌ಗನ್ನಿನ ನಳಿಗೆಯನ್ನು ಮೆಲ್ಲಗೆ ಅದರ ಕಡೆ ತಿರುಗಿಸಿದ. ಅಂಗಡಿಯ ಮುದುಕರು ನಳಿಗೆ ಹಿಡಿದು ಕೆಳಗಿಳಿಸಿದರು. ಬಯ್ಯಲಿಲ್ಲ. "ಅದು ಗುರಿಯಲ್ಲ ಮಗಾ" ಎಂದು ಹಿಂದಿಯಲ್ಲಿ ಹೇಳಿ ಮುಂದಿನ ಗಿರಾಕಿಯ ಕಡೆ ತಿರುಗಿದರು.

ನಾನು ಸುಮ್ಮನೆ ನಿಂತಿದ್ದೆ. ಯಾಕೆಂದರೆ ಅದೇ ವಯಸ್ಸಿನಲ್ಲಿ ನನ್ನ ಕೈಯಲ್ಲಿ ಕ್ಯಾಟರ್‌ಬಿಲ್ಲು ಇತ್ತು, ಮತ್ತು ನನ್ನ ಕೈ ಹಿಡಿಯಲು ಯಾರೂ ಇರಲಿಲ್ಲ. ಹಿತ್ತಲಿನ ಸೀಬೆಗಿಡದಲ್ಲಿ ಕೂತಿದ್ದ ಪಿಕಳಾರಕ್ಕೆ ಕಲ್ಲು ಬೀಸಿದೆ. ತಾಗುತ್ತದೆ ಎಂದುಕೊಂಡಿರಲಿಲ್ಲ. ತಾಗಿತು. ಅಂಗೈಯಲ್ಲಿ ಅದು ಇನ್ನೂ ಬೆಚ್ಚಗಿತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಈಗ ಮೊದಲ ಸಲ ನಿಮಗೆ ಹೇಳುತ್ತಿದ್ದೇನೆ.

ಗುರಿ ಇಡುವ ಆಸೆ ಮನುಷ್ಯನಿಗೆ ಹುಟ್ಟಿನಿಂದ ಬಂದದ್ದೇನೋ. ಆದರೆ ಯಾವುದಕ್ಕೆ ಗುರಿ ಇಡಬೇಕು ಎನ್ನುವುದನ್ನು ಅವನು ಕಲಿಯಬೇಕಾಯಿತು. ಆ ಕಲಿಕೆಗೂ ಒಂದು ಇತಿಹಾಸವಿದೆ. ಈ ಸಲ ಅದನ್ನೇ ಹೇಳೋಣ ಅನ್ನಿಸಿತು.

ಅಮೆರಿಕದ ಹಳ್ಳಿಗಾಡಿನಲ್ಲಿ 'ಪ್ಲಿಂಕಿಂಗ್' ಎಂಬ ಹವ್ಯಾಸವಿದೆ. ಖಾಲಿ ಡಬ್ಬಿಯನ್ನೋ ಕಬ್ಬಿಣದ ತಗಡನ್ನೋ ಇಟ್ಟು ಸಣ್ಣ ರೈಫಲಿನಿಂದ ಹೊಡೆಯುವುದು. ಅಂಕವಿಲ್ಲ, ಪದಕವಿಲ್ಲ. ಗುಂಡು ತಾಗಿದಾಗ 'ಪ್ಲಿಂಕ್' ಎಂದು ಸದ್ದಾಗುತ್ತದೆ, ಹೆಸರು ಬಂದದ್ದು ಅದರಿಂದಲೇ. ಕನ್ನಡ ವ್ಯಾಕರಣದಲ್ಲಿ ನಾವು ಅನುಕರಣಾವ್ಯಯ ಎಂದು ಓದಿದ್ದೆವಲ್ಲ, ಅದೇ ಜಾತಿಯ ಪದ. ನಮ್ಮ ಕಿವಿಗಾದರೆ ಅದು 'ಟಿಣ್' ಎಂದು ಕೇಳೀತು.

ಈ ಆಟ ಸಾಧ್ಯವಾದದ್ದು ಒಂದು ಪುಟ್ಟ ತೋಟಾದಿಂದ. 1845ರಲ್ಲಿ ಪ್ಯಾರಿಸ್ಸಿನ ಲೂಯಿ ನಿಕೊಲಾ ಫ್ಲೋಬೇರ್ ಎಂಬ ಬಂದೂಕು ತಯಾರಕ ಸಿಡಿಯುವ ಕೇಪಿನ ಬಾಯಿಗೇ ಸೀಸದ ಗುಂಡನ್ನು ಕೂರಿಸಿದ. ಬೇರೆ ಮದ್ದೇ ಬೇಕಿಲ್ಲ. ಸದ್ದು ಕಡಿಮೆ, ಒದೆತವಂತೂ ಇಲ್ಲವೇ ಇಲ್ಲ. ಶ್ರೀಮಂತರು ಮನೆಯ ಪಡಸಾಲೆಯಲ್ಲೇ ಗುರಿ ಹೊಡೆಯುವ ಆಟಕ್ಕೆ ಇದನ್ನು ಬಳಸಿದರು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಇದಕ್ಕೆ ಸ್ವಲ್ಪ ಮದ್ದು ಸೇರಿಸಿ .22 ಶಾರ್ಟ್ ಎಂಬ ತೋಟಾ ತಂದಿತು. 1887ರಲ್ಲಿ ಸ್ಟೀವನ್ಸ್ ಕಂಪನಿಯ .22 ಲಾಂಗ್ ರೈಫಲ್ ಬಂತು. ಇಂದಿಗೂ ಪ್ರಪಂಚದ ತುಂಬ ನಡೆಯುತ್ತಿರುವುದು ಅದೇ. ಇವುಗಳನ್ನು ರಿಮ್‌ಫೈರ್ ಎನ್ನುತ್ತಾರೆ. ತೋಟಾದ ಬುಡದಲ್ಲಿ ಹೊರಕ್ಕೆ ಚಾಚಿದ ಅಂಚಿನೊಳಗೆ ಸಿಡಿಮದ್ದು ತುಂಬಿರುತ್ತದೆ. ಬಂದೂಕಿನ ಪಿನ್ನು ಆ ಅಂಚಿಗೆ ಬಡಿದರೆ ಕಿಡಿ ಹುಟ್ಟಿ ಗುಂಡು ಹಾರುತ್ತದೆ. ಗುಂಡಿನ ತೂಕ ಸುಮಾರು 2.6 ಗ್ರಾಮ್. ಬೆಲೆಯೂ ಕಡಿಮೆ. ಹೀಗಾಗಿ ಬಡ ರೈತನ ಮಗನೂ ಗುರಿ ಕಲಿಯುವಂತಾಯಿತು.

ಆಟ ಸುಲಭವಾಯಿತು ಸರಿ, ಎದುರಿಗೆ ಇದ್ದದ್ದು ಏನು? ಇಲ್ಲಿ ಕಥೆ ಸ್ವಲ್ಪ ಕಹಿಯಾಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಬಂದೂಕಿನ ಸ್ಪರ್ಧೆ ಎಂದರೆ ಜೀವಂತ ಪಾರಿವಾಳವೇ. ಪೆಟ್ಟಿಗೆಯಲ್ಲಿ ಕೂಡಿಟ್ಟ ಹಕ್ಕಿಯನ್ನು ಬಿಡುವುದು, ಹಾರುತ್ತಿದ್ದಂತೆ ಹೊಡೆಯುವುದು. ಅಮೆರಿಕದಲ್ಲಿ ಇದಕ್ಕೆ ಸಾವಿರಾರು ಪ್ಯಾಸೆಂಜರ್ ಪಾರಿವಾಳಗಳನ್ನು ಬಲೆ ಹಾಕಿ ಹಿಡಿದು ತರುತ್ತಿದ್ದರು. ಪ್ರಾಣಿದಯಾ ಸಂಘದವರು ಪ್ರತಿಭಟಿಸಿದರು, ಹಕ್ಕಿಗಳೂ ಕಡಿಮೆಯಾಗತೊಡಗಿದವು. ಆಗ ಗಾಜಿನ ಗೋಳಗಳು ಬಂದವು. 1877ರಲ್ಲಿ ಆಡಮ್ ಬೊಗಾರ್ಡಸ್ ಎಂಬ ಗುರಿಕಾರ ಗೋಳ ಎಸೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಗಾಜಿನ ಚೂರು ಹೊಲದ ತುಂಬ ಹರಡುತ್ತಿತ್ತು. 1880ರಲ್ಲಿ ಸಿನ್ಸಿನಾಟಿಯ ಜಾರ್ಜ್ ಲಿಗೌಸ್ಕಿ ಮಣ್ಣಿನ ಬಿಲ್ಲೆಯನ್ನು ರೂಪಿಸಿದ. ಅದಕ್ಕೆ ಇಟ್ಟ ಹೆಸರು ಮಾತ್ರ 'ಕ್ಲೇ ಪಿಜನ್', ಅಂದರೆ ಮಣ್ಣಿನ ಪಾರಿವಾಳ!

ಮನಸ್ಸು ಅಷ್ಟು ಬೇಗ ಬದಲಾಗಲಿಲ್ಲ. ಮಣ್ಣಿನ ಬಿಲ್ಲೆ ಬಂದು 20 ವರ್ಷವಾದ ಮೇಲೂ, 1900ರ ಪ್ಯಾರಿಸ್ ಕ್ರೀಡಾಕೂಟದ ಜೊತೆಗೆ ಜೀವಂತ ಪಾರಿವಾಳದ ಸ್ಪರ್ಧೆ ನಡೆಯಿತು. 21 ಹಕ್ಕಿ ಕೆಡವಿದ ಬೆಲ್ಜಿಯಂನ ಲಿಯೋನ್ ಡಿ ಲುಂಡೆನ್ ಗೆದ್ದ. ಒಂದು ಕಾಲಕ್ಕೆ ಆಕಾಶವನ್ನೇ ಮುಚ್ಚುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳಲ್ಲಿ ಕೊನೆಯದು 1914ರ ಸೆಪ್ಟೆಂಬರ್ 1ರಂದು ಮೃಗಾಲಯವೊಂದರಲ್ಲಿ ಸತ್ತಿತು. ಹೆಸರು ಮಾರ್ಥಾ. ಆ ಮೃಗಾಲಯ ಇದ್ದದ್ದು, ಮಣ್ಣಿನ ಪಾರಿವಾಳ ಹುಟ್ಟಿದ ಅದೇ ಸಿನ್ಸಿನಾಟಿಯಲ್ಲಿ. ಮಾಂಸದ ವ್ಯಾಪಾರ, ಕಾಡಿನ ನಾಶ ಇವೇ ದೊಡ್ಡ ಕಾರಣಗಳು. ಆದರೂ ಆಟದ ಪಾಲೂ ಅದರಲ್ಲಿತ್ತು.

ಇನ್ನೊಂದು ಕಡೆ .22 ರೈಫಲಿನವರು ಬೇರೆ ದಾರಿ ಹಿಡಿದಿದ್ದರು. ನ್ಯೂಯಾರ್ಕಿನ ಕೋನಿ ಐಲೆಂಡಿನಂಥ ಮೋಜಿನ ತಾಣಗಳಲ್ಲಿ ಶೂಟಿಂಗ್ ಗ್ಯಾಲರಿಗಳಿದ್ದವು. ಎರಕದ ಕಬ್ಬಿಣದ ಬಾತುಕೋಳಿಗಳು ಸರಪಳಿಯ ಮೇಲೆ ಸಾಲಾಗಿ ಸಾಗುತ್ತಿದ್ದವು. ತಾಗಿದರೆ ಮಗುಚಿಕೊಳ್ಳುತ್ತಿದ್ದವು, ಸುತ್ತು ಹಾಕಿ ಮತ್ತೆ ಎದ್ದು ಬರುತ್ತಿದ್ದವು. ಜುಹೂ ಬಲೂನಿನ ಅಂಗಡಿ ಇವುಗಳ ದೂರದ ನೆಂಟನೇ ಸರಿ.

ಇದೇ ಕಾಲದಲ್ಲಿ ಟೆಕ್ಸಾಸಿನ ಆಡ್ ಟೋಪರ್‌ವೈನ್ ಎಂಬಾತ ವಿಂಚೆಸ್ಟರ್ ಕಂಪನಿಗಾಗಿ ಊರೂರಲ್ಲಿ ಗುರಿಯ ಪ್ರದರ್ಶನ ಕೊಡುತ್ತಿದ್ದ. 1907ರ ಡಿಸೆಂಬರಿನಲ್ಲಿ, ಹತ್ತು ದಿನಗಳಲ್ಲಿ, ಮೇಲಕ್ಕೆ ಎಸೆದ 72,500 ಮರದ ತುಂಡುಗಳಿಗೆ .22 ರೈಫಲಿನಿಂದ ಹೊಡೆದ. ತಪ್ಪಿದ್ದು ಎಷ್ಟು ಗೊತ್ತೇ? ಬರೀ 9! ಅವನ ಹೆಂಡತಿ ಎಲಿಜಬೆತ್ ತೋಟಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹುಡುಗಿ. ಮದುವೆಯಾದ ಮೇಲೆ ಬಂದೂಕು ಹಿಡಿಯಲು ಕಲಿತವಳು, 1904ರ ಸೇಂಟ್ ಲೂಯಿ ಜಾಗತಿಕ ಮೇಳದಲ್ಲಿ 1,000 ಮಣ್ಣಿನ ಬಿಲ್ಲೆಗಳಲ್ಲಿ 967 ಒಡೆದಳು. ಡಬ್ಬಿಗೆ ಗುಂಡು ತಾಗಿದ ಸದ್ದನ್ನು ಆಕೆ 'ಪ್ಲಿಂಕ್' ಎನ್ನುತ್ತಿದ್ದಳಂತೆ. ಜನ ಆಕೆಯನ್ನು 'ಪ್ಲಿಂಕಿ' ಎಂದೇ ಕರೆದರು.

ಮೆಕ್ಸಿಕೋದ ಕಥೆ ಕೇಳಿ. ಅಲ್ಲಿ ಹಬ್ಬದ ದಿನ ಕೋಳಿ, ಟಗರುಗಳನ್ನು ದೂರದಲ್ಲಿ ಕಟ್ಟಿಹಾಕಿ ಗುಂಡು ಹೊಡೆಯುವ ಪಂದ್ಯ ನಡೆಯುತ್ತಿತ್ತು. ತಾಗಿಸಿದವನಿಗೆ ಆ ಪ್ರಾಣಿ. 1948ರಲ್ಲಿ ಗೊನ್ಸಾಲೋ ಅಗಿಲಾರ್ ಎಂಬವರು ಪ್ರಾಣಿಗಳ ಬದಲು ಅವುಗಳದೇ ಆಕಾರದಲ್ಲಿ ಕತ್ತರಿಸಿದ ಉಕ್ಕಿನ ತಗಡುಗಳನ್ನು ನಿಲ್ಲಿಸಿ ಸ್ಪರ್ಧೆ ನಡೆಸಿದರು. ಕೋಳಿ, ಕಾಡುಹಂದಿ, ಟರ್ಕಿ ಕೋಳಿ, ಟಗರು, ಹೀಗೆ ನಾಲ್ಕು ಆಕಾರ. ನಿಂತುಕೊಂಡೇ, ಯಾವ ಆಸರೆಯೂ ಇಲ್ಲದೆ ಹೊಡೆಯಬೇಕು. ತಾಗಿದರೆ ಸಾಲದು, ತಗಡು ಪೀಠದಿಂದ ಬೀಳಬೇಕು. ಈ ಆಟ 1960ರ ದಶಕದ ಕೊನೆಗೆ ಗಡಿ ದಾಟಿ ಅಮೆರಿಕದ ಅರಿಜೋನಾಕ್ಕೆ ಬಂತು. ದೊಡ್ಡ ರೈಫಲಿಗೆ 200ರಿಂದ 500 ಮೀಟರ್ ದೂರ. .22 ರೈಫಲಿಗೆ ಎಲ್ಲವೂ ಐದನೆಯ ಒಂದು ಭಾಗ: 40, 60, 77, 100. ತಗಡಿನ ಗಾತ್ರವೂ ಹಾಗೆಯೇ ಪುಟ್ಟದು.

ಅಲ್ಲಿಂದ ಮುಂದೆ ಉಕ್ಕಿನ ಗುರಿ ಹವ್ಯಾಸಿಗಳ ಹಿತ್ತಿಲಿಗೆ ಬಂತು. ವೆಲ್ಡಿಂಗ್ ಬಲ್ಲವರು ಹಳೆಯ ಪೈಪಿನ ಚೌಕಟ್ಟು ಮಾಡಿ, ಉಕ್ಕಿನ ಬಿಲ್ಲೆಗಳನ್ನು ಸರಪಳಿಯಲ್ಲಿ ತೂಗುಬಿಡುತ್ತಾರೆ. ಕೆಲವು ತೂಗಾಡುತ್ತವೆ, ಕೆಲವು ಗಿರ್ರನೆ ತಿರುಗುತ್ತವೆ. ಇದರಲ್ಲಿ ಅಪಾಯವೂ ಇದೆ. ಮೆತ್ತನೆಯ ಕಬ್ಬಿಣದಲ್ಲಿ ಗುಳಿ ಬಿದ್ದರೆ ಸೀಸದ ಚೂರು ಹೊಡೆದವನ ಕಡೆಗೇ ಚಿಮ್ಮಬಹುದು. ಅದಕ್ಕೆ ಬಲ್ಲವರು ಗಡಸು ಉಕ್ಕನ್ನೇ ಬಳಸುತ್ತಾರೆ, ಚೂರು ನೆಲಕ್ಕೆ ಬೀಳುವಂತೆ ಬಿಲ್ಲೆಯನ್ನು ಮುಂದಕ್ಕೆ ಬಾಗಿಸುತ್ತಾರೆ, ಹಿಂದೆ ಮಣ್ಣಿನ ದಿಬ್ಬವಿರುತ್ತದೆ, ಕಣ್ಣಿಗೆ ಕನ್ನಡಕ ಕಡ್ಡಾಯ. ಇನ್ನೊಂದು ವಿಷಯ ನನ್ನಂಥ ರೇಡಿಯೋದವನಿಗೆ ಬಹಳ ಇಷ್ಟವಾಯಿತು. 100 ಮೀಟರ್ ದೂರದ ಬಿಲ್ಲೆಗೆ ಹೊಡೆದರೆ ಗುಂಡು ಹೋಗಿ, ಸದ್ದು ತಿರುಗಿ ಬರಲು ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಆ ಅರ್ಧ ಸೆಕೆಂಡು ಎಲ್ಲರೂ ಉಸಿರು ಹಿಡಿದು ಕಾಯುತ್ತಾರೆ. ಆಮೇಲೆ, ಟಿಣ್!

ಇದೆಲ್ಲ ದೂರದೇಶದ ಮಾತಾಯಿತು, ನಮ್ಮಲ್ಲೇನು ಎನ್ನುತ್ತೀರಾ? ನಮ್ಮಲ್ಲಿ .22 ರೈಫಲಿಗೆ ಲೈಸೆನ್ಸ್ ಬೇಕು, ಹಿತ್ತಿಲಿನಲ್ಲಿ ಆಡುವ ಆಟವಲ್ಲ. ಆದರೆ ನಮ್ಮ ಕೊಡಗನ್ನು ಮರೆಯಲಾದೀತೇ? 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್, ಹೌದು, ಬೆಂಗಳೂರಿನ ಕಬ್ಬನ್ ಪಾರ್ಕಿನ ಕಬ್ಬನ್ನೇ, ಕೊಡವರಿಗೆ ಶಸ್ತ್ರ ಕಾನೂನಿನಿಂದ ವಿನಾಯಿತಿ ಕೊಟ್ಟರು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಬಿ.ಎ. ಓದುವಾಗ ಹಾಸ್ಟೆಲಿನ ಕೊಡವ ಗೆಳೆಯನೊಬ್ಬ ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತಕ್ಕೆ ಮನೆಗೆ ಕರೆದೊಯ್ದಿದ್ದ. ನಾಟಿ ಮುಗಿದ ಮೇಲೆ ಆಯುಧಗಳಿಗೆ ಪೂಜೆ ಮಾಡುವ ಹಬ್ಬ. ಹಿಂದೆ ಇದು ಬೇಟೆಗೆ ಹೊರಡುವ ಹಬ್ಬವೂ ಆಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಗೆ ನಿಷೇಧ ಬಂತು. ಬಂದೂಕಿನ ಪೂಜೆ ನಿಲ್ಲಲಿಲ್ಲ, ಗುರಿಯ ಹುಮ್ಮಸ್ಸೂ ನಿಲ್ಲಲಿಲ್ಲ. ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಊರೂರಲ್ಲಿ ನಡೆಯುತ್ತದೆ. ಹೆಣ್ಣುಮಕ್ಕಳೂ ಬಂದೂಕು ಹಿಡಿದು ನಿಲ್ಲುತ್ತಾರೆ. ಆ ದಿನ ಗೆಳೆಯನ ಅಜ್ಜಿ ನನ್ನ ಪಕ್ಕದಲ್ಲೇ ಕೂತಿದ್ದರು. ಕಾಯಿ ಒಡೆದು ನೀರು ಚಿಮ್ಮಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಅವರೇ.

ಜುಹೂವಿನಿಂದ ಬರುವಾಗ ಲೋಕಲ್ ಟ್ರೇನಿನಲ್ಲಿ ಹುಡುಗ ಕೇಳಿದ: "ಮಾಮಾ, ಕಾಗೆಗೆ ಹೊಡೆದಿದ್ದರೆ ಏನಾಗ್ತಿತ್ತು?" ನಾನು ಪಿಕಳಾರದ ಕಥೆ ಹೇಳಿದೆ. ಪೂರ್ತಿ ಹೇಳಿದೆ, ಅಂಗೈ ಬೆಚ್ಚಗಿದ್ದದ್ದನ್ನೂ ಬಿಡದೆ. ಅಂಧೇರಿಯವರೆಗೂ ಅವನು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಅಂದ: "ಬಲೂನಾದರೆ ಬೇರೆ ಊದಬಹುದು."

ಮುಂದಿನ ತಿಂಗಳು ಮತ್ತೆ ಸಿಗೋಣ. ನಿಮ್ಮ ಕೈಯನ್ನು ಯಾರಾದರೂ ಹೀಗೆ ಹಿಡಿದು ಇಳಿಸಿದ್ದರೆ, ಒಂದು ಕಾರ್ಡು ಬರೆದು ತಿಳಿಸಿ. ಕಾರ್ಯಕ್ರಮದಲ್ಲಿ ಓದುತ್ತೇನೆ.