ಮತದಾರರ ಪಟ್ಟಿಯೂ ಜಸ್ಟಿಸ್ ಪಕ್ಷದ ಪತನವೂ

ರಾಜರ ಆಳ್ವಿಕೆಯಲ್ಲಿ ಪ್ರಜೆಗಳ ಸಂಖ್ಯೆಯು ಹೆಚ್ಚಿದರೆ ಬೊಕ್ಕಸಕ್ಕೆ ಲಾಭವೇ ಹೊರತು ಸಿಂಹಾಸನಕ್ಕೆ ಭಯವಿಲ್ಲ. ಪ್ರಜಾಪ್ರಭುತ್ವದಲ್ಲಾದರೋ ಹಾಗಲ್ಲ. ಮತ ನೀಡುವವರ ಸಮುದಾಯವು ಬದಲಾದಂತೆಲ್ಲ ಅಧಿಕಾರದ ಅಡಿಗಲ್ಲೇ ಅಲುಗುತ್ತದೆ. ನಿನ್ನೆ ಗೆದ್ದ ಪಕ್ಷವು ಇಂದಿನ ಮತದಾರನನ್ನು ಅರಿಯದೆ ಹೋದರೆ ನಾಳೆ ಅದಕ್ಕೆ ಎಡೆಯಿಲ್ಲ. ಈ ಮಾತಿಗೆ ದೃಷ್ಟಾಂತವನ್ನು ದೂರದೇಶಗಳಲ್ಲಿ ಅರಸಬೇಕಾಗಿಲ್ಲ. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಯಾವ ಮದರಾಸು ಆಧಿಪತ್ಯಕ್ಕೆ ಒಳಪಟ್ಟಿದ್ದುವೋ ಆ ಆಧಿಪತ್ಯದ ಜಸ್ಟಿಸ್ ಪಕ್ಷದ ಚರಿತ್ರೆಯೇ ಸಾಕು. ಬಹುಜನರ ಹೆಸರಿನಲ್ಲಿ ಹುಟ್ಟಿದ ಆ ಪಕ್ಷವು, ಬಹುಜನರ ಕೈಗೆ ಮತವು ಬರಬರುತ್ತ ಕ್ಷೀಣಿಸಿಹೋದುದು ಆಧುನಿಕ ರಾಜಕೀಯದ ವಿಚಿತ್ರಗಳಲ್ಲೊಂದು.

1916ನೆಯ ನವೆಂಬರಿನಲ್ಲಿ ಸರ್ ಪಿ. ತ್ಯಾಗರಾಯ ಚೆಟ್ಟಿ, ಡಾಕ್ಟರ್ ಟಿ. ಎಂ. ನಾಯರ್, ಡಾಕ್ಟರ್ ಸಿ. ನಟೇಶ ಮುದಲಿಯಾರ್ ಮೊದಲಾದವರು ಮದರಾಸಿನಲ್ಲಿ ಕೂಡಿ ಈ ಪಕ್ಷಕ್ಕೆ ಅಸ್ತಿಭಾರ ಹಾಕಿದರು. ಅದರ ವಿಧಿವಿಹಿತವಾದ ಹೆಸರು ದಕ್ಷಿಣ ಭಾರತ ಲಿಬರಲ್ ಫೆಡರೇಷನ್ ಎಂದಿದ್ದರೂ, 1917ರಲ್ಲಿ ಆರಂಭವಾದ 'ಜಸ್ಟಿಸ್' ಎಂಬ ದಿನಪತ್ರಿಕೆಯ ಹೆಸರೇ ಜನರ ಬಾಯಲ್ಲಿ ನಿಂತಿತು. ಅವರು ಎತ್ತಿದ ಪ್ರಶ್ನೆಯು ನಿರಾಧಾರವಾದುದಲ್ಲ. ಆಧಿಪತ್ಯದ ಜನಸಂಖ್ಯೆಯಲ್ಲಿ ನೂರಕ್ಕೆ ಮೂರರಷ್ಟಿದ್ದ ಬ್ರಾಹ್ಮಣರು ಪದವೀಧರರಲ್ಲಿಯೂ ಸರಕಾರದ ಉನ್ನತ ಹುದ್ದೆಗಳಲ್ಲಿಯೂ ಅಧಿಕಾಂಶವನ್ನು ಪಡೆದಿದ್ದರು. ಉಳಿದ ತೊಂಬತ್ತೇಳು ಮಂದಿಯ ಪಾಡೇನು ಎಂಬುದು ಪಕ್ಷದ ಮೂಲಪ್ರಶ್ನೆ. ಸಂಖ್ಯೆಯೇ ಅದರ ವಾದ, ಸಂಖ್ಯೆಯೇ ಅದರ ಬಲ.

ಆದರೆ ಆ ತೊಂಬತ್ತೇಳು ಮಂದಿಯಲ್ಲಿ ಮತವಿದ್ದವರು ಎಷ್ಟು? 1919ರ ಶಾಸನವು ಪ್ರಾಂತಗಳಿಗೆ ದ್ವಿಮುಖ ಸರಕಾರವನ್ನು ಕೊಟ್ಟಿತು. ಶಿಕ್ಷಣ, ಸ್ಥಳೀಯ ಸ್ವರಾಜ್ಯ ಮೊದಲಾದ ಖಾತೆಗಳು ಮಂತ್ರಿಗಳ ವಶಕ್ಕೆ ಬಂದುವು. ಕಂದಾಯ, ಪೋಲೀಸು, ನ್ಯಾಯಾಡಳಿತ ಮುಂತಾದವು ಗವರ್ನರನ ಹಿಡಿತದಲ್ಲಿಯೇ ಉಳಿದುವು. ಮತದಾನದ ಹಕ್ಕಾದರೋ ಆಸ್ತಿಯನ್ನೂ ತೆರಿಗೆಯನ್ನೂ ಅವಲಂಬಿಸಿತ್ತು. ನಾಲ್ಕು ಕೋಟಿಗೂ ಮಿಕ್ಕ ಜನರಿದ್ದ ಆಧಿಪತ್ಯದಲ್ಲಿ 1920ರ ಪಟ್ಟಿಗೆ ಸೇರಿದವರು ಸುಮಾರು 12 ಲಕ್ಷ 48 ಸಾವಿರ. ಅಂದರೆ ನೂರಕ್ಕೆ ಮೂವರು. ಇವರಲ್ಲಿಯೂ ಮತ ಹಾಕಿದವರು ಕಾಲುಭಾಗ ಮಾತ್ರ. ಕಾಂಗ್ರೆಸ್ಸು ಅಸಹಕಾರ ವ್ರತವನ್ನು ಕೈಕೊಂಡು ಚುನಾವಣೆಯಿಂದ ದೂರ ಉಳಿಯಿತು. ಚುನಾಯಿತ ಸ್ಥಾನಗಳು 98. ಅವುಗಳಲ್ಲಿ ಜಸ್ಟಿಸ್ ಪಕ್ಷಕ್ಕೆ ದೊರೆತುವು 63. ಎ. ಸುಬ್ಬರಾಯಲು ರೆಡ್ಡಿಯಾರರು ಮೊದಲ ಮುಖ್ಯಮಂತ್ರಿಗಳಾದರು. 1921ರಲ್ಲಿ ಪಾನಗಲ್ಲಿನ ರಾಜರು ಆ ಸ್ಥಾನಕ್ಕೆ ಬಂದರು. ತೊಂಬತ್ತೇಳರ ಹೆಸರಿನಲ್ಲಿ ಹುಟ್ಟಿದ ಪಕ್ಷವು ಮೂವರ ಪಟ್ಟಿಯಿಂದ ಅಧಿಕಾರಕ್ಕೇರಿತು!

ಆ ಅಧಿಕಾರವನ್ನು ಪಕ್ಷವು ವ್ಯರ್ಥವಾಗಿ ಕಳೆಯಿತೆಂದು ಹೇಳುವುದು ಅನ್ಯಾಯವಾದೀತು. 1921ರಲ್ಲಿ ಸ್ತ್ರೀಯರಿಗೆ ಮತದಾನದ ಹಕ್ಕು ಬಂದುದು ಅದರ ಕಾಲದಲ್ಲಿಯೇ. ಅದೇ ವರ್ಷ ಸರಕಾರದ ನೌಕರಿಗಳನ್ನು ಎಲ್ಲ ಕೋಮುಗಳಿಗೂ ಹಂಚುವ ಆಜ್ಞೆ ಹೊರಟಿತು. ದೇವಸ್ಥಾನಗಳ ಆದಾಯವನ್ನು ಲೆಕ್ಕಕ್ಕೆ ಒಳಪಡಿಸುವ ಧರ್ಮಾದಾಯ ಶಾಸನವು 1925ರಲ್ಲಿ ಜಾರಿಗೆ ಬಂದಿತು. 1926ರಲ್ಲಿ ಆಂಧ್ರ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಸ್ತ್ರೀಯರ ಹಕ್ಕಿನ ಒಂದು ಫಲವು ಕನ್ನಡನಾಡಿನ ಕರಾವಳಿಯಲ್ಲಿಯೇ ಕಂಡಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ, ಅತ್ಯಲ್ಪ ಮತಗಳ ಅಂತರದಿಂದ ಸೋತರು. ಶಾಸನಸಭೆಯ ಸ್ಥಾನಕ್ಕೆ ಸ್ತ್ರೀಯೊಬ್ಬರು ನಿಂತುದು ಅಂದಿಗೆ ಅಪೂರ್ವವಾದ ಸಂಗತಿ.

ಹೀಗಿದ್ದರೂ ಪಕ್ಷದ ಒಳಗೆ ಒಂದು ದೌರ್ಬಲ್ಯವು ಆರಂಭದಿಂದಲೇ ಬೆಳೆಯುತ್ತಿತ್ತು. ಮತದಾರನು ಪಟ್ಟಾದಾರನೋ ವರ್ತಕನೋ ಆಗಿದ್ದುದರಿಂದ ಪಕ್ಷದ ಮುಖಂಡರೂ ಜಮೀನ್ದಾರರು, ವಕೀಲರು, ವರ್ತಕರೇ ಆಗಿದ್ದರು. ಅಂತಹ ಮತದಾರನನ್ನು ಕಾಣಲು ಹಳ್ಳಿಯ ಕೇರಿಗಳಿಗೆ ನಡೆಯಬೇಕಾಗಿರಲಿಲ್ಲ. ಊರಿನ ದೊಡ್ಡ ಮನೆಯೊಂದರಲ್ಲಿ ನಾಲ್ವರು ಗಣ್ಯರು ಕುಳಿತು ಮಾತನಾಡಿದರೆ ಸಾಕಾಗುತ್ತಿತ್ತು. ಮತವಿಲ್ಲದವರ ಅಳಲನ್ನು ಕೇಳುವ ಅಭ್ಯಾಸವು ಇದರಿಂದ ತಪ್ಪಿತು. 1921ರಲ್ಲಿ ಮದರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಯ ಮುಷ್ಕರವು ಆದಿದ್ರಾವಿಡ ಕಾರ್ಮಿಕರಿಗೂ ಇತರರಿಗೂ ಕಲಹವಾಗಿ ಪರಿಣಮಿಸಿದಾಗ ಪಕ್ಷದ ಕೆಲವು ಮುಖಂಡರು ಆದಿದ್ರಾವಿಡರನ್ನೇ ದೂರಿದರು. ಆ ಜನರ ನಾಯಕರಾದ ಎಂ. ಸಿ. ರಾಜಾ ಅವರು 1923ರಲ್ಲಿ ಪಕ್ಷವನ್ನು ತೊರೆದರು. ಬಹುಜನರ ಪಕ್ಷದಿಂದ ಬಹುಜನರಲ್ಲಿ ಅತ್ಯಂತ ನೊಂದವರೇ ಹೊರನಡೆದಂತಾಯಿತು. ಮತ ಕಡಿಮೆಯಿದ್ದ ಜನರು ಹೋದುದರಿಂದ ಅಂದು ನಷ್ಟವೇನೂ ಕಾಣಲಿಲ್ಲ.

ಸಂಸ್ಥಾಪಕರೂ ಒಬ್ಬೊಬ್ಬರಾಗಿ ಕಣ್ಮರೆಯಾದರು. ನಾಯರರು 1919ರಲ್ಲಿ, ತ್ಯಾಗರಾಯರು 1925ರಲ್ಲಿ, ಪಾನಗಲ್ಲಿನ ರಾಜರು 1928ರಲ್ಲಿ ತೀರಿಕೊಂಡರು. 1926ರಲ್ಲಿ ಸ್ವರಾಜ್ಯ ಪಕ್ಷದ ಮುಂದೆ ಸೋತ ಜಸ್ಟಿಸ್ ಪಕ್ಷವು, 1930ರಲ್ಲಿ ಕಾಂಗ್ರೆಸ್ಸು ಪುನಃ ಚುನಾವಣೆಯನ್ನು ಬಹಿಷ್ಕರಿಸಿದಾಗ ಮರಳಿ ಅಧಿಕಾರಕ್ಕೆ ಬಂದಿತು. ಅಷ್ಟರಲ್ಲಿ ಜಗತ್ತಿನ ಆರ್ಥಿಕ ಕುಸಿತವು ಹಳ್ಳಿಗಳನ್ನು ಮುಟ್ಟಿತ್ತು. ಭತ್ತದ ಬೆಲೆಯು ಇಳಿಯಿತು, ಕಂದಾಯವು ಇಳಿಯಲಿಲ್ಲ. ರೈತನು ಸಾಲದಲ್ಲಿ ಮುಳುಗುತ್ತಿದ್ದ ಆ ದಿನಗಳಲ್ಲಿ ಜಮೀನ್ದಾರರ ಗುಂಪು ಮುಖ್ಯಮಂತ್ರಿ ಮುನುಸ್ವಾಮಿ ನಾಯ್ಡುಗಳ ಮೇಲೆ ತಿರುಗಿಬಿದ್ದಿತು. 1932ರಲ್ಲಿ ಅವರು ಸ್ಥಾನವನ್ನು ಬಿಟ್ಟರು. ಬೊಬ್ಬಿಲಿಯ ರಾಜರು ಅದನ್ನೇರಿದರು. ಮಂತ್ರಿಗಳ ಮಾಸಿಕ ವೇತನವು ನಾಲ್ಕು ಸಾವಿರ ರೂಪಾಯಿಗಳನ್ನು ಮೀರಿತ್ತು. ಕಾಂಗ್ರೆಸ್ಸಾದರೋ ಐನೂರಕ್ಕಿಂತ ಹೆಚ್ಚು ಕೂಡದೆಂದು 1931ರಲ್ಲಿಯೇ ಕರಾಚಿಯಲ್ಲಿ ನಿರ್ಣಯಿಸಿತ್ತು. ಎರಡನ್ನೂ ತೂಗಿ ನೋಡಲು ಹಳ್ಳಿಗನಿಗೆ ಅರ್ಥಶಾಸ್ತ್ರದ ಪಾಂಡಿತ್ಯವು ಬೇಕಾಗಿರಲಿಲ್ಲ.

ಮೊದಲ ಎಚ್ಚರಿಕೆಯು 1934ರಲ್ಲಿ ಬಂದಿತು. ಕೇಂದ್ರ ಶಾಸನಸಭೆಯ ಚುನಾವಣೆಯಲ್ಲಿ ಪಕ್ಷದ ವಾಗ್ಮಿಗಳಾದ ಎ. ರಾಮಸ್ವಾಮಿ ಮುದಲಿಯಾರರು, ಮುಂದೆ ಮೈಸೂರಿನ ಕಡೆಯ ದಿವಾನರಾದವರು, ಮದರಾಸು ನಗರದಲ್ಲಿ ಎಸ್. ಸತ್ಯಮೂರ್ತಿಗಳ ಎದುರು ಸೋತರು. ತರುವಾಯ 1935ರ ಶಾಸನವು ಆಸ್ತಿಯ ಮಟ್ಟವನ್ನು ತಗ್ಗಿಸಿ, ಅಕ್ಷರಸ್ಥರಿಗೂ ಹಕ್ಕುಳ್ಳವರ ಪತ್ನಿಯರಿಗೂ ಮತವನ್ನು ಕೊಟ್ಟಿತು. ಮದರಾಸಿನ ಪಟ್ಟಿಯು ಅರುವತ್ತು ಲಕ್ಷವನ್ನು ಮೀರಿ ಬೆಳೆಯಿತು. ಹಳೆಯ ಒಬ್ಬ ಮತದಾರನ ಪಕ್ಕದಲ್ಲಿ ಹೊಸಬರು ನಾಲ್ವರು ಬಂದು ನಿಂತರು. 1932ರ ಪುಣೆಯ ಒಪ್ಪಂದದಂತೆ ದಲಿತರಿಗೆ 30 ಸ್ಥಾನಗಳು ಮೀಸಲಾದುವು. ಓದಲರಿಯದವರಿಗಾಗಿ ಪಕ್ಷಗಳಿಗೆ ಬಣ್ಣದ ಪೆಟ್ಟಿಗೆಗಳಿದ್ದುವು. ಕಾಂಗ್ರೆಸ್ಸಿನದು ಹಳದಿಯ ಪೆಟ್ಟಿಗೆ. 1937ರಲ್ಲಿ ಆ ಪೆಟ್ಟಿಗೆಯು ತುಂಬಿತು. 215 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 159. ಜಸ್ಟಿಸ್ ಪಕ್ಷಕ್ಕೆ ಇಪ್ಪತ್ತರ ಆಸುಪಾಸು. ಬೊಬ್ಬಿಲಿಯ ರಾಜರು ತಮ್ಮ ಬೊಬ್ಬಿಲಿಯಲ್ಲಿಯೇ, ಕಾರ್ಮಿಕರ ಮುಖಂಡರಾದ ವಿ. ವಿ. ಗಿರಿಯವರಿಗೆ ಸೋತರು. ಒಡೆಯನ ಮನೆಯಂಗಳದಲ್ಲಿಯೇ ಒಕ್ಕಲಿನ ಮತವು ಬೇರೆ ಕಡೆಗೆ ಬಿದ್ದಿತು.

ಇಲ್ಲಿ ಪೂರ್ವಪಕ್ಷವೊಂದುಂಟು. ಸೋಲಿಗೆ ಕಾರಣ ರಾಷ್ಟ್ರೀಯತೆಯ ಪ್ರವಾಹವೇ ಹೊರತು ಮತದಾರರ ಪಟ್ಟಿಯಲ್ಲ. ಹಳೆಯ ಪಟ್ಟಿಯಲ್ಲಿಯೂ 1926ರಲ್ಲಿ ಆ ಪಕ್ಷವು ಸೋತಿರಲಿಲ್ಲವೇ ಎಂದು ಕೆಲವರು ಕೇಳುವರು. ಪ್ರಶ್ನೆಯು ಯುಕ್ತವಾದುದೇ. ಆದರೆ ಕಿರಿದಾದ ಪಟ್ಟಿಯಲ್ಲಿ ಬಿದ್ದ ಪಕ್ಷವು ನಾಲ್ಕು ವರ್ಷಗಳಲ್ಲಿ ಎದ್ದಿತು. ಹಿರಿದಾದ ಪಟ್ಟಿಯಲ್ಲಿ ಬಿದ್ದ ಮೇಲೆ ಆ ಹೆಸರಿನಲ್ಲಿ ಪುನಃ ಏಳಲೇ ಇಲ್ಲ. ರಾಷ್ಟ್ರೀಯತೆಯು ಹೊಸ ಮತದಾರನನ್ನು ಸೆಳೆದುದಾದರೂ ಹೇಗೆ? ಅವನಿಗೆ ಮತವಿಲ್ಲದಿದ್ದಾಗಲೇ ಉಪ್ಪಿನ ಸತ್ಯಾಗ್ರಹದ ಸ್ವಯಂಸೇವಕರು ಅವನ ಬಾಗಿಲಿಗೆ ಹೋಗಿದ್ದರು. ಮತವು ಬಂದ ದಿನ ಅವನಿಗೆ ನೆನಪಾದುದು ಆ ಮುಖ. ಆದುದರಿಂದ ಇದು ಕಾಕತಾಳೀಯವಲ್ಲ. ಕಾರಣಕ್ಕೂ ಕಾರ್ಯಕ್ಕೂ ಇಲ್ಲಿ ಸ್ಪಷ್ಟವಾದ ಸಂಬಂಧವಿದೆ.

ಇದೇ ಕಾಲದ ಮೈಸೂರನ್ನು ನೋಡಿದರೆ ವಿಷಯವು ಇನ್ನೂ ವಿಶದವಾಗುತ್ತದೆ. ಅಲ್ಲಿಯೂ ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಳಿಯು 1917ರಲ್ಲಿ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಆದರೆ ಮಂಡಳಿಯ ಉತ್ತರಾಧಿಕಾರಿಗಳು ಮದರಾಸಿನವರಂತೆ ಹಳೆಯ ನೆಲೆಗೆ ಅಂಟಿಕೊಳ್ಳಲಿಲ್ಲ. ಪ್ರಜಾಪಕ್ಷದೊಡನೆ ಕೂಡಿ ಪ್ರಜಾಸಂಯುಕ್ತ ಪಕ್ಷವಾಗಿ, 1937ರಲ್ಲಿ ಕಾಂಗ್ರೆಸ್ಸಿನಲ್ಲಿಯೇ ಸೇರಿಹೋದರು. ಹೆಸರು ಅಳಿಯಿತು, ಜನರು ಉಳಿದರು. ಅವರಲ್ಲೊಬ್ಬರಾದ ಕೆ. ಸಿ. ರೆಡ್ಡಿಯವರು 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಗಳಾದರು. ಒಂದೇ ವರ್ಷದಲ್ಲಿ ಮದರಾಸಿನ ಪಕ್ಷವು ಹೊಸ ಮತದಾರನ ಎದುರಿಗೆ ನಿಂತು ಮುರಿಯಿತು. ಮೈಸೂರಿನ ಪಕ್ಷವು ಅವನ ಜತೆಗೆ ನಡೆಯಿತು.

ಮದರಾಸಿನ ಕಥೆಯಾದರೂ ಅಲ್ಲಿಗೆ ಮುಗಿಯಲಿಲ್ಲ. 1938ರಲ್ಲಿ ಇ. ವಿ. ರಾಮಸ್ವಾಮಿ ನಾಯಕರು ಸೆರೆಮನೆಯಲ್ಲಿದ್ದಾಗಲೇ ಪಕ್ಷದ ಅಧ್ಯಕ್ಷರಾಗಿ ಆಯ್ಕೆಯಾದರು. 1944ರಲ್ಲಿ ಸೇಲಂ ಸಮ್ಮೇಳನವು ಪಕ್ಷದ ಹೆಸರನ್ನು ದ್ರಾವಿಡರ್ ಕಳಗಂ ಎಂದು ಬದಲಿಸಿತು. ಅದರಿಂದ 1949ರಲ್ಲಿ ಬೇರೆಯಾದ ಸಿ. ಎನ್. ಅಣ್ಣಾದುರೈಯವರು ಆಂಗ್ಲ ಪತ್ರಿಕೆಯನ್ನೂ ಗಣ್ಯರ ಕೂಟವನ್ನೂ ನೆಚ್ಚದೆ, ತಮಿಳು ನಾಟಕ, ಚಲಚ್ಚಿತ್ರ, ಬೀದಿಯ ಭಾಷಣಗಳ ಮೂಲಕ ಸಾಮಾನ್ಯನನ್ನು ಸೇರಿದರು. ವಯಸ್ಕರೆಲ್ಲರಿಗೂ ಮತವಿದ್ದ 1967ರ ಚುನಾವಣೆಯಲ್ಲಿ ಅವರ ಪಕ್ಷವು ಗೆದ್ದಿತು. ಕಾಂಗ್ರೆಸ್ಸಿನ ಮಹಾನಾಯಕರಾದ ಕಾಮರಾಜರು ತಮ್ಮ ಹುಟ್ಟೂರಾದ ವಿರುದುನಗರದಲ್ಲಿ ಒಬ್ಬ ವಿದ್ಯಾರ್ಥಿ ಮುಖಂಡನಿಗೆ ಸೋತರು. ಬೊಬ್ಬಿಲಿಯಲ್ಲಿ ಕಂಡ ನೋಟವೇ ಮೂವತ್ತು ವರ್ಷಗಳ ತರುವಾಯ ವಿರುದುನಗರದಲ್ಲಿಯೂ ಕಂಡಿತು. ಪಾತ್ರಗಳು ಮಾತ್ರ ಬದಲಾಗಿದ್ದುವು.

ನ್ಯಾಯದ ಪ್ರಶ್ನೆಯು ಸತ್ಯವಾಗಿದ್ದರೂ ಅದನ್ನು ಎತ್ತಿದವರು ಸೋಲಬಹುದು ಎಂಬುದೇ ಈ ಇತಿಹಾಸದ ಸಾರ. ಜಸ್ಟಿಸ್ ಪಕ್ಷವು ಜನರನ್ನು ಎಣಿಸಿತು. ಎಣಿಸಿದ ಜನರ ಬಳಿಗೆ ಹೋಗಲಿಲ್ಲ. ಮತದಾರರ ಪಟ್ಟಿಗೆ ವರ್ಷವರ್ಷವೂ ಹೊಸ ಹೆಸರುಗಳು ಸೇರುತ್ತಲೇ ಇರುವುವು, ಹಳೆಯವು ಅಳಿಯುತ್ತಲೇ ಇರುವುವು. ಗೆದ್ದ ಪಕ್ಷವು ಆ ಪಟ್ಟಿಯನ್ನು ಚುನಾವಣೆಯ ಮುನ್ನಾದಿನ ತೆರೆದರೆ ಪ್ರಯೋಜನವಿಲ್ಲ. ಅದರಲ್ಲಿ ಇನ್ನೂ ಹೆಸರು ಬಾರದವನ ಮನೆಯ ದಾರಿಯನ್ನು ಮೊದಲೇ ಅರಿತಿರಬೇಕು.