ಬರ್ಮಾ ಆಯಿಲ್ ಬಿಕ್ಕಟ್ಟು

ಬರ್ಮಾ ಆಯಿಲ್ ಬಿಕ್ಕಟ್ಟು ಬ್ರಿಟನ್ನಿನ ದೊಡ್ಡ ತೈಲ ಕಂಪನಿಗಳಲ್ಲೊಂದಾದ ಬರ್ಮಾ ಆಯಿಲ್ 1974ರ ಡಿಸೆಂಬರ್ ಕೊನೆಯಲ್ಲಿ ದಿವಾಳಿಯ ಅಂಚಿಗೆ ಬಂದಾಗ ಉಂಟಾದ ಆರ್ಥಿಕ ಹಾಗೂ ರಾಜಕೀಯ ಬಿಕ್ಕಟ್ಟು. ಆ ದೇಶದ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್, ಸರ್ಕಾರದ ಒಪ್ಪಿಗೆಯೊಂದಿಗೆ ಮಧ್ಯಪ್ರವೇಶಿಸಿ ಕಂಪನಿಯನ್ನು ಉಳಿಸಿತು. ಈ ನೆರವಿಗೆ ಪ್ರತಿಯಾಗಿ ಪಡೆದ ಷೇರುಗಳ ಬೆಲೆ ನ್ಯಾಯವಾಗಿತ್ತೇ ಎಂಬ ಪ್ರಶ್ನೆ ಮುಂದೆ ದೀರ್ಘಕಾಲದ ಮೊಕದ್ದಮೆಗೆ ಕಾರಣವಾಯಿತು.

ಹಿನ್ನೆಲೆ

ಬರ್ಮಾ ಆಯಿಲ್ 1886ರಲ್ಲಿ ಸ್ಕಾಟ್ಲೆಂಡಿನಲ್ಲಿ ಸ್ಥಾಪನೆಯಾಯಿತು. ಅಸ್ಸಾಮಿನ ದಿಗ್ಬೋಯಿ ತೈಲೋದ್ಯಮ ಹಾಗೂ ಬರ್ಮಾ ಶೆಲ್ ಕಂಪನಿಗಳ ಮೂಲಕ ಅದು ಭಾರತದಲ್ಲೂ ಪರಿಚಿತವಾಗಿತ್ತು. ಮುಂದೆ ಬ್ರಿಟಿಷ್ ಪೆಟ್ರೋಲಿಯಂ (ಬಿಪಿ) ಎನಿಸಿಕೊಂಡ ಕಂಪನಿಯು 1909ರಲ್ಲಿ ಬರ್ಮಾ ಆಯಿಲ್‌ನ ಅಂಗಸಂಸ್ಥೆಯಾಗಿ ಆರಂಭವಾಗಿತ್ತು. 1914ರಲ್ಲಿ ಬ್ರಿಟಿಷ್ ಸರ್ಕಾರ ಅದರ ಬಹುಪಾಲನ್ನು ಕೊಂಡರೂ, ಬರ್ಮಾ ಆಯಿಲ್ ಬಳಿ ಬಿಪಿಯ ಸುಮಾರು ಐದನೇ ಒಂದು ಭಾಗದ ಷೇರುಗಳು ಉಳಿದಿದ್ದವು.

ಕಾರಣಗಳು

1974ರ ಜನವರಿಯಲ್ಲಿ ಕಂಪನಿಯು ಡಾಲರ್ ಸಾಲ ಮಾಡಿ ಅಮೆರಿಕದ ಸಿಗ್ನಲ್ ಕಂಪನಿಯ ತೈಲ ಉದ್ಯಮವನ್ನು ಖರೀದಿಸಿತು. ಜೊತೆಗೆ ಅನೇಕ ತೈಲವಾಹಕ ಹಡಗುಗಳನ್ನು ದೀರ್ಘಾವಧಿಗೆ ಬಾಡಿಗೆಗೆ ಪಡೆದಿತ್ತು. 1973ರ ತೈಲ ಬೆಲೆಯೇರಿಕೆಯ ನಂತರ ಬೇಡಿಕೆ ಕುಗ್ಗಿ ಹಡಗುಗಳ ಸಾಗಣೆ ದರ ಕುಸಿಯಿತು. ಅದೇ ವೇಳೆ ಲಂಡನ್ ಷೇರುಪೇಟೆ ತೀವ್ರವಾಗಿ ಇಳಿದು, ಕಂಪನಿಯ ಆಸರೆಯಾಗಿದ್ದ ಬಿಪಿ ಷೇರುಗಳ ಮೌಲ್ಯವೂ ಕರಗಿತು. ಪರಿಣಾಮವಾಗಿ ಸಾಲದ ಕರಾರುಗಳನ್ನು ಪಾಲಿಸಲು ಕಂಪನಿಗೆ ಸಾಧ್ಯವಾಗಲಿಲ್ಲ.

ರಕ್ಷಣಾ ಕ್ರಮ

ಆಗ ಹೆರಾಲ್ಡ್ ವಿಲ್ಸನ್ ನೇತೃತ್ವದ ಲೇಬರ್ ಸರ್ಕಾರ ಅಧಿಕಾರದಲ್ಲಿತ್ತು. ಡೆನಿಸ್ ಹೀಲಿ ಹಣಕಾಸು ಸಚಿವರಾಗಿದ್ದರು. ಗಾರ್ಡನ್ ರಿಚರ್ಡ್‌ಸನ್ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದರು. ಕಂಪನಿಯನ್ನು ಕುಸಿಯಲು ಬಿಟ್ಟರೆ ಬ್ರಿಟನ್ನಿನ ಸಾಲ ಯೋಗ್ಯತೆಗೂ ಉತ್ತರ ಸಮುದ್ರದ ತೈಲ ಯೋಜನೆಗಳಿಗೂ ಧಕ್ಕೆಯಾಗುವ ಭೀತಿಯಿತ್ತು. ಸಾರ್ವಜನಿಕ ಹಣದಿಂದ ಖಾಸಗಿ ಷೇರುದಾರರನ್ನು ರಕ್ಷಿಸುವುದು ಲೇಬರ್ ಪಕ್ಷಕ್ಕೆ ರಾಜಕೀಯವಾಗಿ ಕಷ್ಟವಾಗಿತ್ತು.

ಬ್ಯಾಂಕು 65 ಕೋಟಿ ಡಾಲರ್ ಸಾಲಕ್ಕೆ ಖಾತರಿ ನೀಡಿತು. 1975ರ ಜನವರಿಯಲ್ಲಿ ಸುಮಾರು 7.78 ಕೋಟಿ ಬಿಪಿ ಷೇರುಗಳನ್ನು ತಲಾ 2.30 ಪೌಂಡಿನಂತೆ, ಒಟ್ಟು ಸುಮಾರು 17.9 ಕೋಟಿ ಪೌಂಡಿಗೆ ಖರೀದಿಸಿತು. ಉತ್ತರ ಸಮುದ್ರದ ತನ್ನ ತೈಲಕ್ಷೇತ್ರಗಳಲ್ಲಿ ಸರ್ಕಾರಕ್ಕೆ ಶೇ. 51ರಷ್ಟು ಪಾಲುದಾರಿಕೆ ನೀಡಲೂ ಕಂಪನಿ ಒಪ್ಪಿಕೊಂಡಿತು. ಷೇರುಗಳನ್ನು ಮುಂದೆ ಮಾರಿದಾಗ ಬರುವ ಲಾಭವನ್ನು ಕಂಪನಿಯೊಂದಿಗೆ ಹಂಚಿಕೊಳ್ಳುವ ಪ್ರಸ್ತಾಪಕ್ಕೆ ಬ್ಯಾಂಕು ಒಲವು ತೋರಿದ್ದರೂ ಸರ್ಕಾರ ಅದನ್ನು ತಿರಸ್ಕರಿಸಿತು.

ಮೊಕದ್ದಮೆ

ಷೇರುಪೇಟೆ ಬೇಗನೆ ಚೇತರಿಸಿಕೊಂಡಿತು. 1977ರ ಜೂನ್‌ನಲ್ಲಿ ಸರ್ಕಾರ ಬಿಪಿಯ ಶೇ. 17ರಷ್ಟು ಷೇರುಗಳನ್ನು ತಲಾ 8.45 ಪೌಂಡಿಗೆ ಮಾರಿತು. ತನ್ನ ಅಸಹಾಯಕತೆಯ ಲಾಭ ಪಡೆದು ಅನ್ಯಾಯದ ಬೆಲೆಗೆ ಷೇರುಗಳನ್ನು ಕೊಳ್ಳಲಾಗಿದೆ ಎಂದು ವಾದಿಸಿ ಬರ್ಮಾ ಆಯಿಲ್ ಬ್ಯಾಂಕಿನ ವಿರುದ್ಧ ದಾವೆ ಹೂಡಿತು. ಸಚಿವರು ಮತ್ತು ಅಧಿಕಾರಿಗಳ ನಡುವಿನ ಕಾಗದಪತ್ರಗಳನ್ನು ಒದಗಿಸಬೇಕೆಂದೂ ಕೇಳಿತು. ಅವುಗಳ ಬಹಿರಂಗ ಸಾರ್ವಜನಿಕ ಹಿತಕ್ಕೆ ಮಾರಕವೆಂದು ಸರ್ಕಾರ ಆಕ್ಷೇಪಿಸಿತು.

1979ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆಯ್ದ ಹತ್ತು ದಾಖಲೆಗಳನ್ನು ತಾನೇ ಪರಿಶೀಲಿಸಿ, ಅವನ್ನು ಕಂಪನಿಗೆ ನೀಡುವ ಅಗತ್ಯವಿಲ್ಲವೆಂದು ತೀರ್ಮಾನಿಸಿತು. ಆದರೆ ಉನ್ನತ ಮಟ್ಟದ ನೀತಿ ದಾಖಲೆಗಳೂ ನ್ಯಾಯಾಲಯದ ಪರಿಶೀಲನೆಗೆ ಹೊರತಲ್ಲ ಎಂಬ ತತ್ತ್ವವನ್ನು ಈ ತೀರ್ಪು ಎತ್ತಿಹಿಡಿಯಿತು. 1981ರಲ್ಲಿ ಹೈಕೋರ್ಟ್ ಕಂಪನಿಯ ದಾವೆಯನ್ನು ವಜಾಗೊಳಿಸಿತು.

ನಂತರದ ಬೆಳವಣಿಗೆ

ಕಂಪನಿಯು ತನ್ನ ಹಲವು ಆಸ್ತಿಗಳನ್ನು ಮಾರಿ, ಕ್ಯಾಸ್ಟ್ರಾಲ್ ಕೀಲೆಣ್ಣೆ ಉದ್ಯಮದ ಬಲದಿಂದ ಚೇತರಿಸಿಕೊಂಡಿತು. 2000ರಲ್ಲಿ, ಒಂದು ಕಾಲದಲ್ಲಿ ಅದರ ಅಂಗಸಂಸ್ಥೆಯಾಗಿದ್ದ ಬಿಪಿಯೇ ಬರ್ಮಾ ಕ್ಯಾಸ್ಟ್ರಾಲ್ ಅನ್ನು ಸ್ವಾಧೀನಪಡಿಸಿಕೊಂಡಿತು.