ಸರಪಳಿಯ ಸಾಕ್ಷಿ: ಸಾರ್ವಜನಿಕ ಉದ್ಯಾನದಲ್ಲಿ ಬೆಳೆದ ಡಿಸ್ಕ್ ಗಾಲ್ಫ್

ಚಪ್ಪಟೆಯಾದ ಪ್ಲಾಸ್ಟಿಕ್ ತಟ್ಟೆಯೊಂದನ್ನು ಕೈಯಿಂದ ಎಸೆಯುತ್ತ, ಆದಷ್ಟು ಕಡಿಮೆ ಎಸೆತಗಳಲ್ಲಿ ಗೊತ್ತಾದ ಗುರಿಯನ್ನು ಮುಟ್ಟಿಸುವ ಆಟಕ್ಕೆ ಡಿಸ್ಕ್ ಗಾಲ್ಫ್ ಎಂದು ಹೆಸರು. ಗಾಲ್ಫ್ ಆಟದ ಚೆಂಡು ಮತ್ತು ಕೋಲುಗಳ ಜಾಗದಲ್ಲಿ ಇಲ್ಲಿ ಸುಮಾರು 21 ಸೆಂಟಿಮೀಟರ್ ಅಗಲದ ಡಿಸ್ಕ್ ಇರುತ್ತದೆ. ನೆಲದ ಕುಳಿಯ ಜಾಗದಲ್ಲಿ ಕಂಬವೊಂದರ ಸುತ್ತ ಇಳಿಬಿಟ್ಟ ಸರಪಳಿಗಳೂ ಅವುಗಳ ಕೆಳಗೆ ಲೋಹದ ಬುಟ್ಟಿಯೂ ಇರುತ್ತವೆ. ಜಗತ್ತಿನಲ್ಲಿ ಇಂದು ಇಂತಹ ಅಂಕಣಗಳು ಹತ್ತು ಸಾವಿರಕ್ಕೂ ಮಿಕ್ಕಿವೆ. ಅವುಗಳಲ್ಲಿ ಬಹುಪಾಲು ಅಮೆರಿಕದಲ್ಲಿದ್ದು, ಹೆಚ್ಚಿನವುಗಳಲ್ಲಿ ಆಡಲು ಹಣ ಕೊಡಬೇಕಾಗಿಲ್ಲ. ಈ ಆಟದ ಚರಿತ್ರೆಯನ್ನು ಹಾರುವ ತಟ್ಟೆಯ ಚರಿತ್ರೆಯೆಂದೇ ಹೇಳುವುದು ವಾಡಿಕೆಯಾದರೂ, ಮಕ್ಕಳ ಕಾಲಕ್ಷೇಪವಾಗಿದ್ದ ಎಸೆದಾಟ ನೆಲೆಯುಳ್ಳ ಕ್ರೀಡೆಯಾದದ್ದು ಗುರಿಯ ರೂಪ ಬದಲಾದುದರಿಂದ ಮತ್ತು ಆ ಗುರಿಗೆ ಸಾರ್ವಜನಿಕ ಉದ್ಯಾನದಲ್ಲಿ ಜಾಗ ದೊರೆತುದರಿಂದ. ಎಸೆತ ಗುರಿ ಸೇರಿತೋ ಇಲ್ಲವೋ ಎಂಬುದಕ್ಕೆ ಗುರಿಯೇ ಸಾಕ್ಷಿಯಾದ ಮೇಲೆ ತೀರ್ಪುಗಾರನ ಅಗತ್ಯ ಉಳಿಯಲಿಲ್ಲ. ಆಟವನ್ನೇ ಅರಿಯದ ಹೊಸಬನೂ ಉದ್ಯಾನದೊಳಗೆ ನಡೆದುಬಂದು ಒಬ್ಬನೇ ಆಡಿ ಹೋಗುವುದು ಸಾಧ್ಯವಾಯಿತು.

ತಟ್ಟೆಯ ಕಥೆ ಅಡುಗೆಮನೆಯಿಂದ ಆರಂಭವಾಗುತ್ತದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್‌ನಲ್ಲಿ 1871ರಲ್ಲಿ ಆರಂಭವಾದ ಫ್ರಿಸ್ಬಿ ಪೈ ಕಂಪನಿಯ ತಗಡಿನ ತಟ್ಟೆಗಳನ್ನು, ಅವುಗಳಲ್ಲಿದ್ದ ಹಣ್ಣಿನ ಪೈ ತಿಂದು ಮುಗಿಸಿದ ಬಳಿಕ, ಕಾಲೇಜು ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಎಸೆದು ಆಡುತ್ತಿದ್ದರು. ಇತ್ತ ಕ್ಯಾಲಿಫೋರ್ನಿಯಾದಲ್ಲಿ ಫ್ರೆಡ್ ಮಾರಿಸನ್ ಎಂಬ ಯುವಕ 1930ರ ದಶಕದ ಕೊನೆಯಲ್ಲಿ ಕೇಕ್ ಬೇಯಿಸುವ ತಟ್ಟೆಯನ್ನು ಸಮುದ್ರತೀರದಲ್ಲಿ ಎಸೆದು ಆಡುತ್ತಿದ್ದಾಗ, ಐದು ಸೆಂಟಿನ ಆ ತಟ್ಟೆಗೆ ಇಪ್ಪತ್ತೈದು ಸೆಂಟು ಕೊಡಲು ಜನ ಮುಂದೆ ಬಂದದ್ದನ್ನು ಕಂಡು, ಇದರಲ್ಲಿ ವ್ಯಾಪಾರವಿದೆ ಎಂದು ಅರಿತ. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಚಾಲಕನಾಗಿ ಕೆಲಸಮಾಡಿ ಮರಳಿದ ಈತ 1948ರಲ್ಲಿ ವಾರನ್ ಫ್ರಾನ್ಸಿಯೋನಿ ಎಂಬ ಪಾಲುದಾರನೊಂದಿಗೆ ಪ್ಲಾಸ್ಟಿಕ್ಕಿನ ತಟ್ಟೆಯನ್ನು ಹೊರತಂದ. 1955ರಲ್ಲಿ ರೂಪಿಸಿದ ‘ಪ್ಲೂಟೋ ಪ್ಲ್ಯಾಟರ್’ ಎಂಬ ಸುಧಾರಿತ ಮಾದರಿಯನ್ನು ವ್ಯಾಮ್-ಓ ಎಂಬ ಆಟಿಕೆ ಕಂಪನಿ 1957ರಲ್ಲಿ ಮಾರುಕಟ್ಟೆಗೆ ತಂದು, ಅದೇ ವರ್ಷ ಹಳೆಯ ಪೈ ತಟ್ಟೆಯ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ತುಸು ಬದಲಿಸಿ ಅದಕ್ಕೆ ‘ಫ್ರಿಸ್ಬಿ’ ಎಂದು ನಾಮಕರಣ ಮಾಡಿತು. ಈ ಹೆಸರು ಕಂಪನಿಯೊಂದರ ಸ್ವತ್ತಾದುದರಿಂದಲೇ ಮುಂದೆ ಕ್ರೀಡೆಯ ಹೆಸರಿನಲ್ಲಿ ‘ಡಿಸ್ಕ್’ ಎಂಬ ಸಾಮಾನ್ಯ ಪದ ನೆಲೆನಿಂತಿತು.

ತಟ್ಟೆಯನ್ನು ಮತ್ತೊಬ್ಬರ ಕೈಗೆ ಎಸೆಯುವುದು ಒಂದು ಆಟವಾದರೆ, ಅದನ್ನು ಗುರಿಯತ್ತ ಎಸೆದು ಎಸೆತಗಳನ್ನು ಎಣಿಸುವುದು ಇನ್ನೊಂದು. ಈ ಎರಡನೆಯ ಬಗೆ ಪ್ಲಾಸ್ಟಿಕ್ ತಟ್ಟೆಗಿಂತಲೂ ಹಳೆಯದು. ಕೆನಡಾದ ಸಸ್ಕ್ಯಾಚುವಾನ್ ಪ್ರಾಂತದ ಬ್ಲ್ಯಾಡ್‌ವರ್ತ್ ಎಂಬ ಊರಿನಲ್ಲಿ 1926ರ ಸುಮಾರಿಗೆ ರೊನಾಲ್ಡ್ ಗಿಬ್ಸನ್ ಮತ್ತು ಆತನ ಶಾಲಾ ಗೆಳೆಯರು ಶಾಲೆಯ ಬಯಲಿನ ಮರಳಿನಲ್ಲಿ ವೃತ್ತಗಳನ್ನು ಗೀಚಿ, ಡಬ್ಬಿಗಳ ತಗಡಿನ ಮುಚ್ಚಳಗಳನ್ನು ಅವುಗಳೊಳಗೆ ಬೀಳುವಂತೆ ಎಸೆಯುತ್ತಿದ್ದರು. ಆ ಆಟವನ್ನು ಅವರು ‘ಟಿನ್ ಲಿಡ್ ಗಾಲ್ಫ್’, ಅಂದರೆ ತಗಡು ಮುಚ್ಚಳದ ಗಾಲ್ಫ್, ಎಂದು ಕರೆದಿದ್ದರು. ಆ ಹುಡುಗರು ಬೇರೆ ಬೇರೆ ಊರುಗಳಿಗೆ ಚದುರಿದಾಗ ಆಟವೂ ನಿಂತಿತು, ಏಕೆಂದರೆ ಮರಳಿನ ಮೇಲಿನ ಗೆರೆ ಒಂದು ಗಾಳಿಗೆ ಅಳಿಸಿಹೋಗುವಂಥದು.

1960ರ ದಶಕದಲ್ಲಿ ಇದೇ ಆಲೋಚನೆ ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ತಲೆಯೆತ್ತಿತು. ಕಾಲೇಜಿನ ಬೇಸಿಗೆ ರಜೆಯಲ್ಲಿ ಮಕ್ಕಳ ಆಟಪಾಟಗಳನ್ನು ನೋಡಿಕೊಳ್ಳುತ್ತಿದ್ದ ಜಾರ್ಜ್ ಸ್ಯಾಪನ್‌ಫೀಲ್ಡ್ 1965ರಲ್ಲಿ ಮಕ್ಕಳಿಗೆ ಫ್ರಿಸ್ಬಿಗಳನ್ನು ಕೊಟ್ಟು ಗಾಲ್ಫ್‌ನಂತೆ ಆಡಿಸಿದ. ಮುಂದೆ ಥೌಸಂಡ್ ಓಕ್ಸ್ ಪಟ್ಟಣದಲ್ಲಿ ಉದ್ಯಾನ ಮತ್ತು ಮನರಂಜನಾ ಇಲಾಖೆಯ ಉದ್ಯೋಗಿಯಾದ ಮೇಲೆ ಇದೇ ಆಟದ ಸ್ಪರ್ಧೆಯೊಂದನ್ನು ಏರ್ಪಡಿಸಲು ವ್ಯಾಮ್-ಓ ಕಂಪನಿಯ ನೆರವು ಕೋರಿದ. ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ಫ್ರಿಸ್ಬಿಗಳ ಜತೆಗೆ ಗುರಿಗಳಾಗಿ ಬಳಸಲು ಹೂಲಾ ಹೂಪ್‌ಗಳನ್ನು, ಎಂದರೆ ಮಕ್ಕಳು ಸೊಂಟದ ಸುತ್ತ ತಿರುಗಿಸುವ ಪ್ಲಾಸ್ಟಿಕ್ ಬಳೆಗಳನ್ನು, ಕಳುಹಿಸಿಕೊಟ್ಟ. ಈ ಆಟದ ಆರಂಭದ ಎರಡೂ ಪ್ರಸಂಗಗಳಲ್ಲಿ ಆಡಿದವರು ಮಕ್ಕಳು, ಆಡಿದ ಜಾಗ ಊರಿನವರೆಲ್ಲರ ಬಯಲು ಎಂಬುದನ್ನು ಗಮನಿಸಬೇಕು. ಡಿಸ್ಕ್ ಗಾಲ್ಫ್ ಹುಟ್ಟಿದ್ದೇ ಹೊಸಬರ ಆಟವಾಗಿ.

ಇದೇ ಹೊತ್ತಿಗೆ ದೇಶದ ಇನ್ನೊಂದು ತುದಿಯಲ್ಲಿ, ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರದಲ್ಲಿ, ಜಿಮ್ ಪಾಲ್ಮೆರಿ ಮತ್ತು ಸಂಗಡಿಗರು 1970ರಿಂದ ಈ ಆಟವನ್ನು ನಿಯಮಿತವಾಗಿ ಆಡುತ್ತಿದ್ದರು. ತಮ್ಮ ಹೊರತು ಬೇರೆಯವರೂ ಇದನ್ನು ಗಂಭೀರವಾಗಿ ಆಡುತ್ತಾರೆಂಬ ಅರಿವು ಅವರಿಗೆ ತಡವಾಗಿ ಉಂಟಾಯಿತು. ಆಟಕ್ಕೆ ದೇಶದ ಗಮನ ಸೆಳೆಯಬೇಕೆಂದು ಅವರು 1974ರಲ್ಲಿ ‘ಅಮೆರಿಕನ್ ಫ್ಲೈಯಿಂಗ್ ಡಿಸ್ಕ್ ಓಪನ್’ ಎಂಬ ಸ್ಪರ್ಧೆಯನ್ನು ಏರ್ಪಡಿಸಿ, ಗೆದ್ದವರಿಗೆ ಹೊಸ ಡಾಟ್ಸನ್ ಕಾರನ್ನೇ ಬಹುಮಾನವಾಗಿ ಇಟ್ಟರು. ಬಹುಮಾನದ ದೊಡ್ಡಸ್ತಿಕೆಗಿಂತ ಆ ಸ್ಪರ್ಧೆಯ ನಿಜವಾದ ಫಲವೆಂದರೆ, ತಟ್ಟೆಯ ಆಟಿಕೆ ಕಂಪನಿಗೂ ಚದುರಿಹೋಗಿದ್ದ ಆಟಗಾರರಿಗೂ ಗಾಲ್ಫ್ ಮಾದರಿಯ ಈ ಆಟಕ್ಕೆ ಭವಿಷ್ಯವಿದೆ ಎಂಬ ಭರವಸೆ ಮೂಡಿದ್ದು.

ಆ ಭರವಸೆಗೆ ನೆಲ ಒದಗಿಸಿದ್ದು ಲಾಸ್ ಏಂಜಲಿಸ್ ಬಳಿಯ ಓಕ್ ಗ್ರೋವ್ ಉದ್ಯಾನ. ಸ್ಯಾನ್ ಗೇಬ್ರಿಯಲ್ ಬೆಟ್ಟಗಳ ಬುಡದಲ್ಲಿ, ಅರೋಯೋ ಸೆಕೋ ಎಂಬ ಹೊಳೆಯ ಪಾತ್ರದ ಅಂಚಿನಲ್ಲಿ, ಬಾಹ್ಯಾಕಾಶ ಸಂಶೋಧನೆಗೆ ಹೆಸರಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಮಗ್ಗುಲಲ್ಲೇ ಇರುವ ಈ ಉದ್ಯಾನ ಓಕ್ ಮರಗಳ ನೆರಳಿಗೆ ಪ್ರಸಿದ್ಧ; ಅಲ್ಲಿನ ಮೂಲನಿವಾಸಿಗಳಾದ ಟೋಂಗ್ವಾ ಜನರ ನುಡಿಯಿಂದ ಬಂದ ‘ಹಹಮೋಂಗ್ನಾ’ ಎಂಬ ಹೆಸರು ಅದಕ್ಕೆ ಈಗ ಇದೆ. 1964ರಲ್ಲಿ ವ್ಯಾಮ್-ಓ ಸೇರಿ, ಫ್ರಿಸ್ಬಿಯ ಮೇಲ್ಮೈಗೆ ಉಬ್ಬುಗೆರೆಗಳ ಉಂಗುರಗಳನ್ನು ಮೂಡಿಸಿ ಅದರ ಹಾರಾಟವನ್ನು ಹತೋಟಿಗೆ ತಂದು, 1967ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದ ಹೆಡ್ರಿಕ್, 1975ರಲ್ಲಿ ಜಗತ್ತಿನ ಮೊದಲ ಶಾಶ್ವತ ಡಿಸ್ಕ್ ಗಾಲ್ಫ್ ಅಂಕಣವನ್ನು ಇಲ್ಲಿ ರಚಿಸಿದ. ಮೊದಲು ನೆಟ್ಟ ಗುರಿಗಳು ಬರಿಯ ಕಂಬಗಳಾಗಿದ್ದವು. ಎಸೆದ ಡಿಸ್ಕ್ ಕಂಬಕ್ಕೆ ತಾಗಿದರೆ ಆ ‘ಹೋಲ್’ ಮುಗಿಯಿತೆಂದು ಲೆಕ್ಕ. ಎಸೆತ ಆರಂಭವಾಗುವ ಟೀ ಎಂಬ ಕಟ್ಟೆಯಿಂದ ಗುರಿಯವರೆಗಿನ ಒಂದು ಹಾದಿಗೆ ಹೋಲ್ ಎನ್ನುತ್ತಾರೆ. ಒಂಬತ್ತು ಅಥವಾ ಹದಿನೆಂಟು ಹೋಲ್‌ಗಳು ಸೇರಿದರೆ ಒಂದು ಅಂಕಣ.

ಕಂಬ ಗಟ್ಟಿ ಗುರಿಯಾದರೂ ಅದರ ಸಾಕ್ಷ್ಯ ಗಟ್ಟಿಯಾಗಿರಲಿಲ್ಲ. ದೂರದಿಂದ ಎಸೆದ ಡಿಸ್ಕ್ ಕಂಬವನ್ನು ಸವರಿತೋ, ಕೂದಲೆಳೆಯಷ್ಟು ಪಕ್ಕಕ್ಕೆ ಹಾಯ್ದುಹೋಯಿತೋ ಎಂಬುದು ಎಸೆದವನ ಕಣ್ಣಿಗೂ ಎದುರಾಳಿಯ ಕಣ್ಣಿಗೂ ಒಂದೇ ರೀತಿ ಕಾಣಬೇಕೆಂದಿಲ್ಲ. ಮರ, ದೀಪದ ಕಂಬ, ಕಸದ ತೊಟ್ಟಿಗಳನ್ನು ಗುರಿಯಾಗಿಟ್ಟು ಆಡುತ್ತಿದ್ದವರಿಗೆ ಈ ಜಗಳ ಹಳೆಯ ಪರಿಚಯವೇ ಆಗಿತ್ತು. ಮರದ ತೊಗಟೆಗೆ ಪದೇ ಪದೇ ಬೀಳುವ ಪೆಟ್ಟು ಉದ್ಯಾನ ನೋಡಿಕೊಳ್ಳುವವರ ಚಿಂತೆಗೂ ಕಾರಣವಾಗುವಂಥದು. ಹೆಡ್ರಿಕ್ ತನ್ನ ಮಗ ಕೆನ್‌ನ ಜತೆಗೂಡಿ ಹಲವು ಪ್ರಯೋಗಗಳನ್ನು ನಡೆಸಿ, ಡಿಸ್ಕನ್ನು ಹಿಡಿದು ಉಳಿಸಿಕೊಳ್ಳುವ ಗುರಿಯೊಂದನ್ನು ರೂಪಿಸಿದ. ‘ಡಿಸ್ಕ್ ಪೋಲ್ ಹೋಲ್’ ಎಂದು ಹೆಸರಾದ, ಆಟಗಾರರು ಸರಳವಾಗಿ ‘ಬಾಸ್ಕೆಟ್’ ಎನ್ನುವ ಈ ಸಾಧನಕ್ಕೆ 1977ರಲ್ಲಿ ಪೇಟೆಂಟ್ ಪಡೆಯಲಾಯಿತು.

ಈ ಬುಟ್ಟಿಯ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರ ಹಿಂದಿನ ಬುದ್ಧಿವಂತಿಕೆ ತಿಳಿಯುತ್ತದೆ. ಗಿರಗಿರನೆ ತಿರುಗುತ್ತ ಬರುವ ಸುಮಾರು 170 ಗ್ರಾಂ ತೂಕದ ಡಿಸ್ಕ್ ಬರಿಯ ಕಂಬಕ್ಕೆ ಬಡಿದರೆ ಪುಟಿದು ದೂರ ಹೋಗುತ್ತದೆ. ಸರಪಳಿಗಳಾದರೋ ಮೇಲಿನ ಬಳೆಯಿಂದ ಸಡಿಲವಾಗಿ ಇಳಿದು ಕೆಳಗೆ ಕಂಬದತ್ತ ಕೂಡಿಕೊಂಡಿರುವುದರಿಂದ, ಡಿಸ್ಕ್ ತಾಗಿದೊಡನೆ ಎದುರು ನಿಲ್ಲದೆ ಹಿಂದಕ್ಕೆ ಸರಿದು, ಅದರ ಅಂಚನ್ನು ಸುತ್ತುವರಿದು, ಒಂದೊಂದು ಕೊಂಡಿಯ ಅಲುಗಾಟದಲ್ಲೂ ಅದರ ವೇಗವನ್ನೂ ಸುತ್ತನ್ನೂ ಅಷ್ಟಷ್ಟೇ ಹೀರಿಕೊಳ್ಳುತ್ತವೆ. ಬಲಗುಂದಿದ ಡಿಸ್ಕ್ ನೇರ ಕೆಳಕ್ಕೆ ಜಾರಿ, ಸೊಂಟದ ಎತ್ತರಕ್ಕಿಂತ ತುಸು ಕೆಳಗಿರುವ ಬುಟ್ಟಿಯಲ್ಲಿ ಕೂರುತ್ತದೆ. ಡಿಸ್ಕ್ ಬುಟ್ಟಿಯಲ್ಲಿ ಕುಳಿತರೆ ಅಥವಾ ಸರಪಳಿಯಲ್ಲಿ ಸಿಕ್ಕಿ ನಿಂತರೆ ಹೋಲ್ ಮುಗಿಯಿತು. ಮೇಲಿನ ಬಳೆಯ ನೆತ್ತಿಯ ಮೇಲೆ ನಿಂತರೆ ಲೆಕ್ಕಕ್ಕಿಲ್ಲ. ಸರಪಳಿ ಝಣಝಣಿಸುವ ಸದ್ದು ಮರಗಳ ಮರೆಯಲ್ಲಿ ನಿಂತವರಿಗೂ ಕೇಳಿಸುವುದರಿಂದ, ಎಸೆತದ ಫಲವನ್ನು ಕಣ್ಣಿಗಿಂತ ಮೊದಲು ಕಿವಿ ಅರಿಯುತ್ತದೆ.

ತೀರ್ಪುಗಾರನಿಲ್ಲದ ಆಟಕ್ಕೆ ಸಂಬಳದ ಸಿಬ್ಬಂದಿ ಬೇಡ. ಹುಲ್ಲನ್ನು ಸಮತಟ್ಟಾಗಿ ಕತ್ತರಿಸಿ ನೀರುಣಿಸುವ ಗಾಲ್ಫ್ ಮೈದಾನದ ಖರ್ಚು ಬೇಡ. ಮರ, ದಿಣ್ಣೆ, ಇಳಿಜಾರುಗಳನ್ನು ಇದ್ದಹಾಗೆಯೇ ಬಳಸಿಕೊಳ್ಳಬಹುದು. ಉದ್ಯಾನ ಇಲಾಖೆಗಳು ಈ ಆಟಕ್ಕೆ ಬಾಗಿಲು ತೆರೆದುದಕ್ಕೆ ಕಾರಣ ಇದೇ. ವ್ಯಾಮ್-ಓ ಕಂಪನಿಯನ್ನು ಬಿಟ್ಟ ಹೆಡ್ರಿಕ್ 1976ರಲ್ಲಿ ಬುಟ್ಟಿಗಳನ್ನು ತಯಾರಿಸಿ ಅಂಕಣಗಳನ್ನು ವಿನ್ಯಾಸಗೊಳಿಸುವ ಡಿಸ್ಕ್ ಗಾಲ್ಫ್ ಅಸೋಸಿಯೇಷನ್ ಎಂಬ ಉದ್ಯಮವನ್ನೂ, ಆಟದ ನಿಯಮಗಳನ್ನು ಕಾಯುವ ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್ ಎಂಬ ಆಟಗಾರರ ಸಂಘವನ್ನೂ ಸ್ಥಾಪಿಸಿದ. ಸಂಘದ ಮೊದಲ ಸದಸ್ಯತ್ವ ಸಂಖ್ಯೆ ಆತನದೇ ಆಗಿತ್ತಾದರೂ, 1980ರ ದಶಕದ ಆರಂಭದಲ್ಲಿ ಅದರ ಆಡಳಿತವನ್ನು ಆತ ಆಟಗಾರರ ಕೈಗೇ ಒಪ್ಪಿಸಿದ.

ಅದೇ ದಶಕದಲ್ಲಿ ಆಟದ ಸ್ವರೂಪವನ್ನು ಬದಲಿಸಿದ ಇನ್ನೊಂದು ಘಟನೆ ನಡೆಯಿತು. ಡೇವ್ ಡ್ಯೂನಿಪೇಸ್ ರೂಪಿಸಿ, ಇನ್ನೋವಾ ಕಂಪನಿ 1983ರಲ್ಲಿ ಹೊರತಂದ ‘ಈಗಲ್’ ಎಂಬ ಡಿಸ್ಕಿನ ಅಂಚು ಫ್ರಿಸ್ಬಿಯಂತೆ ದುಂಡಗಿರದೆ, ಗಾಳಿಯನ್ನು ಸೀಳುವಂತೆ ಓರೆಯಾಗಿ ಚೂಪಾಗಿತ್ತು. ಅಲ್ಲಿಂದ ಮುಂದೆ ಡಿಸ್ಕುಗಳು ಮೂರು ಬಗೆಗಳಾಗಿ ಕವಲೊಡೆದವು: ದೂರದ ಎಸೆತಕ್ಕೆ ತೆಳ್ಳನೆಯ ಅಂಚಿನ ಡ್ರೈವರ್, ನಡುವಣ ದೂರಕ್ಕೆ ಮಿಡ್‌ರೇಂಜ್, ಬುಟ್ಟಿಯ ಸಮೀಪದ ಮೆಲ್ಲನೆಯ ಎಸೆತಕ್ಕೆ ದಪ್ಪ ಅಂಚಿನ ಪಟ್ಟರ್. ನುರಿತ ತೋಳಿನಿಂದ ಹೊರಟ ಡ್ರೈವರ್ ನೂರು ಮೀಟರನ್ನು ಸುಲಭವಾಗಿ ದಾಟತೊಡಗಿದಾಗ ಅಂಕಣಗಳೂ ಉದ್ದವಾದವು. ಆಟಕ್ಕೆ ಇದರಿಂದ ಎತ್ತರ ದೊರೆತದ್ದು ನಿಜ. ಆದರೆ ಮೊದಲ ದಿನ ಡಿಸ್ಕ್ ಹಿಡಿದವನಿಗೆ ಬುಟ್ಟಿಯೇ ಕಾಣದಷ್ಟು ಗುರಿ ದೂರ ಸರಿಯಿತು. ಹೊಸಬರಿಗೆಂದೇ ಪ್ರತ್ಯೇಕ ಅಂಕಣಗಳನ್ನು ಹಾಕುವ ಪದ್ಧತಿಯನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು.

ಇಂತಹ ಅಂಕಣದಲ್ಲಿ ಸಾಮಾನ್ಯವಾಗಿ ಒಂಬತ್ತು ಹೋಲ್‌ಗಳಿದ್ದು, ಒಂದೊಂದರ ಉದ್ದ ಹೆಚ್ಚಾಗಿ 45ರಿಂದ 75 ಮೀಟರಿನೊಳಗೆ ಇರುತ್ತದೆ. ಟೀಯ ಮೇಲೆ ನಿಂತವನಿಗೆ ಬುಟ್ಟಿ ನೇರವಾಗಿ ಕಾಣಿಸುತ್ತದೆ. ಬಲಗೈಯವನು ಎದೆಯ ಅಡ್ಡದಿಂದ ತೋಳು ಬೀಸಿ ಎಸೆದ ಡಿಸ್ಕ್ ವೇಗ ಕಳೆದುಕೊಳ್ಳುತ್ತಿದ್ದಂತೆ ಎಡಕ್ಕೆ ವಾಲುವುದು ಸಹಜವಾದುದರಿಂದ, ಒಳ್ಳೆಯ ವಿನ್ಯಾಸಕ ಆ ಕಡೆಗೆ ಕೆರೆ, ರಸ್ತೆ, ಮಕ್ಕಳ ಜಾರುಬಂಡೆಗಳು ಬಾರದಂತೆ ನೋಡಿಕೊಳ್ಳುತ್ತಾನೆ. ನಡೆದಾಡುವವರ ಹಾದಿ ಎಸೆತದ ಹಾದಿಯನ್ನು ಕತ್ತರಿಸದಂತೆ, ಒಂದು ಬುಟ್ಟಿಯಿಂದ ಮುಂದಿನ ಟೀಗೆ ಹೋಗುವ ದಾರಿ ತಾನಾಗಿ ತಿಳಿಯುವಂತೆ ಅಂಕಣ ಹಾಕಬೇಕಾಗುತ್ತದೆ. ಕೆಲವೆಡೆ ಬುಟ್ಟಿಗಳನ್ನು ಆಗಾಗ ಬೇರೆ ಜಾಗಕ್ಕೆ ಬದಲಿಸಿ, ತುಳಿತಕ್ಕೆ ಸಿಕ್ಕಿದ ಹುಲ್ಲಿಗೆ ಮತ್ತೆ ಚಿಗುರಲು ಅವಕಾಶ ಕೊಡುತ್ತಾರೆ. ಆಡುವವನ ಪಾಲಿಗೆ ನಿಯಮಗಳೂ ಕೆಲವೇ: ಡಿಸ್ಕ್ ನಿಂತಲ್ಲಿ ಗುರುತಿಟ್ಟು ಅದರ ಹಿಂದಿನಿಂದಲೇ ಮುಂದಿನ ಎಸೆತ ಎಸೆಯಬೇಕು, ಬುಟ್ಟಿಯಿಂದ ಹೆಚ್ಚು ದೂರದಲ್ಲಿರುವವನಿಗೆ ಮೊದಲ ಸರದಿ, ಬುಟ್ಟಿಯಿಂದ ಹತ್ತು ಮೀಟರಿನೊಳಗೆ ನಿಂತು ಎಸೆದಾಗ ಮೈಯ ಹತೋಟಿ ತೋರಿಸಿದ ಬಳಿಕವೇ ಮುಂದಕ್ಕೆ ಹೆಜ್ಜೆ ಇಡಬೇಕು. ಹಾದಿಯಲ್ಲಿ ಯಾರಾದರೂ ನಡೆಯುತ್ತಿದ್ದರೆ ಅವರು ದಾಟುವವರೆಗೂ ಕಾಯುವುದು ಎಲ್ಲಕ್ಕಿಂತ ಮೊದಲ ಮರ್ಯಾದೆ, ಏಕೆಂದರೆ ಉದ್ಯಾನದಲ್ಲಿ ಆಟಗಾರನೂ ಹಲವರಲ್ಲಿ ಒಬ್ಬ ಅತಿಥಿ.

ಯುರೋಪಿನಲ್ಲಿ ಈ ಆಟ ಆಳವಾಗಿ ಬೇರೂರಿದ ನಾಡುಗಳು ಫಿನ್ಲೆಂಡ್, ಐಸ್ಲೆಂಡ್, ಎಸ್ಟೋನಿಯಾಗಳು. ಜನಸಂಖ್ಯೆಗೆ ಹೋಲಿಸಿದರೆ ಅಂಕಣಗಳ ಸಂಖ್ಯೆಯಲ್ಲಿ ಇವು ಆಟದ ತವರನ್ನೂ ಹಿಂದಿಕ್ಕಿವೆ. ಐಸ್ಲೆಂಡಿನ ರಾಜಧಾನಿ ರೇಕ್ಯಾವಿಕ್‌ನ ನಡುವಿರುವ ಕ್ಲಂಬ್ರಾಟುನ್ ಉದ್ಯಾನದಲ್ಲಿ, ಕಲಾಸಂಗ್ರಹಾಲಯವೊಂದರ ಎದುರಿನ ಹುಲ್ಲುಬಯಲಲ್ಲಿ, ಒಂಬತ್ತು ಬುಟ್ಟಿಗಳ ಚಿಕ್ಕ ಅಂಕಣವಿದೆ. ನಗರದ ನಡುವೆ, ಎಲ್ಲರೂ ಓಡಾಡುವ ಜಾಗದಲ್ಲಿ ಹೀಗೆ ನಿಂತ ಬುಟ್ಟಿ ದಾರಿಹೋಕರ ಕುತೂಹಲವನ್ನು ತಾನೇ ಕೆರಳಿಸುತ್ತದೆ. ಆಟಕ್ಕೆ ಹೊಸಬರನ್ನು ಕರೆತರಲು ಅದಕ್ಕಿಂತ ಒಳ್ಳೆಯ ಆಹ್ವಾನಪತ್ರಿಕೆ ಬೇರೊಂದಿಲ್ಲ.

ಎಡ್ ಹೆಡ್ರಿಕ್ 2002ರಲ್ಲಿ ತೀರಿಕೊಂಡಾಗ, ಆತನ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಕೆಲವು ಡಿಸ್ಕುಗಳನ್ನು ಅಚ್ಚುಹಾಕಲಾಯಿತು. ಬ್ಲ್ಯಾಡ್‌ವರ್ತ್‌ನ ಮರಳಿನ ವೃತ್ತದಿಂದ ಹೂಲಾ ಹೂಪ್‌ಗೆ, ಅಲ್ಲಿಂದ ಓಕ್ ಗ್ರೋವ್‌ನ ಕಂಬಕ್ಕೆ, ಕಂಬದಿಂದ ಸರಪಳಿಗೆ ಸಾಗಿಬಂದ ಗುರಿಯ ಚರಿತ್ರೆಯಲ್ಲಿ ಒಂದೊಂದು ಹೆಜ್ಜೆಯೂ ಆಟವನ್ನು ಹೆಚ್ಚು ನಿಖರಗೊಳಿಸಿತು, ಆದರೆ ಬಾಗಿಲನ್ನು ಕಿರಿದಾಗಿಸಲಿಲ್ಲ. ಬಾಗಿಲು ಕಿರಿದಾಗುವ ಸೂಚನೆ ಕಂಡದ್ದು ಡಿಸ್ಕ್ ವೇಗ ಪಡೆದು ಅಂಕಣಗಳು ಉದ್ದವಾದಾಗ. ಹೀಗೆ ನೋಡಿದರೆ ಹೊಸಬರ ಚಿಕ್ಕ ಅಂಕಣವನ್ನು ದೊಡ್ಡ ಆಟದ ಅಣಕುರೂಪವೆಂದು ಬಗೆಯುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಮಗುವೊಂದು ಮೂರು ನಾಲ್ಕು ಎಸೆತಗಳಲ್ಲಿ ಮುಟ್ಟಬಲ್ಲ ದೂರದಲ್ಲಿ ಬುಟ್ಟಿಯನ್ನು ನೆಟ್ಟ ಉದ್ಯಾನವು ಆಟದ ಹುಟ್ಟಿನ ಗುಣವನ್ನೇ ಕಾಪಾಡಿಕೊಂಡಿದೆ. ಅಲ್ಲಿ ಸರಪಳಿ ಝಣಝಣಿಸಿದಾಗ, ಎಸೆದವನು ಚಾಂಪಿಯನ್ನನೋ ಮೊದಲ ದಿನದವನೋ ಎಂದು ಆ ಸದ್ದಿನಿಂದ ಯಾರೂ ಹೇಳಲಾರರು.